ನೆಲದವರೇ ಇಟ್ಟ ಹೆಸರು

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಡಕೋಟದಲ್ಲಿ, ಪೈನ್ ರಿಡ್ಜ್ ಎಂಬ ಮೀಸಲು ಸೀಮೆಯ ಒಳಗೇ ಸಂಪೂರ್ಣವಾಗಿ ಅಡಗಿರುವ ಒಂದು ಗ್ರಾಮೀಣ ಕೌಂಟಿಯುಂಟು. 2015ರ ಮೇ 1ರಂದು ಅದು ಶಾನನ್ ಎಂಬ ಹಳೆಯ ಹೆಸರನ್ನು ಕಳಚಿ, ಅಲ್ಲಿ ಬಾಳುವ ಜನರದೇ ಹೆಸರನ್ನು ಧರಿಸಿ, ಓಗ್ಲಾಲ ಲಕೋಟ ಕೌಂಟಿಯಾಯಿತು. ಹೆಸರಿನ ಬದಲಾವಣೆಯನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವವರು ಆ ಕೌಂಟಿಯ ಹುಟ್ಟಿನ ಕಥೆಯನ್ನೊಮ್ಮೆ ಪರಿಶೀಲಿಸಬೇಕೆಂಬುದು ನನ್ನ ಪ್ರಾರ್ಥನೆ.

1868ರಲ್ಲಿ ಫೋರ್ಟ್ ಲಾರಮಿಯಲ್ಲಿ ನಡೆದ ಕರಾರಿನಂತೆ, ಮಿಸ್ಸೂರಿ ನದಿಯ ಪಶ್ಚಿಮಕ್ಕಿರುವ ವಿಶಾಲ ಭೂಭಾಗವು ಲಕೋಟ ಮೊದಲಾದ ಸೂ ಜನರಿಗೆ ಮೀಸಲಾಗಿತ್ತು. ವಯಸ್ಕ ಪುರುಷರಲ್ಲಿ ಮುಕ್ಕಾಲು ಪಾಲಿನವರ ರುಜುವಿಲ್ಲದೆ ಅದರಲ್ಲಿ ಒಂದು ಗೇಣು ನೆಲವನ್ನೂ ಬಿಟ್ಟುಕೊಡಲಾಗದೆಂಬ ವಿಧಿಯೂ ಅದರಲ್ಲಿತ್ತು. ಆರೇ ವರ್ಷಗಳಲ್ಲಿ ಬ್ಲಾಕ್ ಹಿಲ್ಸ್ ಬೆಟ್ಟಗಳಲ್ಲಿ ಚಿನ್ನ ಕಂಡಿತು. ಮರುವರ್ಷ, ಎಂದರೆ 1875ರಲ್ಲಿ, ದೂರದ ಯಾಂಕ್ಟನ್ ಪಟ್ಟಣದಲ್ಲಿದ್ದ ಡಕೋಟ ಪ್ರಾಂತದ ಶಾಸನಸಭೆಯು, ಆ ಮೀಸಲು ನೆಲದ ಮೇಲೆಯೇ ಗೆರೆಗಳನ್ನೆಳೆದು ಈ ಕೌಂಟಿಯನ್ನು ಕಾಗದದಲ್ಲಿ ಸೃಷ್ಟಿಸಿ, ಪ್ರಾಂತದ ಮುಖ್ಯ ನ್ಯಾಯಾಧೀಶನಾಗಿದ್ದ ಪೀಟರ್ ಶಾನನ್ನನ ಹೆಸರನ್ನಿಟ್ಟಿತು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಅದೇ ಶಾನನ್ 1882ರಲ್ಲಿ, ಲಕೋಟರಿಂದ ಇನ್ನಷ್ಟು ಭೂಮಿಯನ್ನು ಬಿಡಿಸಿಕೊಳ್ಳಲು ನೇಮಕವಾದ ಮೂವರ ಆಯೋಗದಲ್ಲಿ ಒಬ್ಬನಾಗಿ ಬಂದ. ಬೇಕಾದಷ್ಟು ರುಜುಗಳು ಮಾತ್ರ ಆ ಆಯೋಗಕ್ಕೆ ದೊರೆಯಲಿಲ್ಲ.

ರುಜು ಎಂದೊಡನೆ ಆ 1868ರ ಕರಾರುಪತ್ರದ ಕೊನೆಯ ಪುಟಗಳು ನೆನಪಾಗುತ್ತವೆ. ಓಗ್ಲಾಲರ ನಾಯಕ ಮಖ್ಪಿಯಾ ಲೂತನ ಹೆಸರನ್ನು, ಅಂದರೆ ಕೆಂಪು ಮೋಡವೆಂಬುದನ್ನು, ಅನ್ಯಭಾಷೆಯ ಲಿಪಿಯಲ್ಲಿ ಬರೆದುಕೊಂಡವನು ಪರಕೀಯ ಗುಮಾಸ್ತ. ಆ ಮಹಾಪುರುಷನದೆಂದು ಅಲ್ಲಿ ಉಳಿದಿರುವುದು ಎರಡು ಗೀಟುಗಳು ಒಂದನ್ನೊಂದು ಕತ್ತರಿಸಿದ ಒಂದು ಚಿಕ್ಕ ಗುರುತು. ಆ ಗುರುತು ಹಾಕಿದವರ ಸಂತತಿಯು 2014ರ ನವೆಂಬರಿನಲ್ಲಿ ಮತಪತ್ರದ ಮೇಲೆ ಗುರುತು ಹಾಕಿ, ಶೇಕಡಾ 80ರಷ್ಟು ಬಹುಮತದಿಂದ ತಮ್ಮ ನೆಲಕ್ಕೆ ತಮ್ಮ ಹೆಸರನ್ನು ಕೊಟ್ಟಿತು. ಇದನ್ನು ಸಣ್ಣ ಸಂಗತಿಯೆಂದು ಹೇಳಲು ನನ್ನ ಮನಸ್ಸೊಪ್ಪದು.

ಹೆಸರಿನಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಅತ್ಯಂತ ಬಡ ಕೌಂಟಿಗಳಲ್ಲಿ ಇದೂ ಒಂದು ಎಂಬುದು ದಿಟವಾದುದರಿಂದ ಪ್ರಶ್ನೆ ನ್ಯಾಯವಾದುದೇ. ಆದರೆ 1890ರ ಡಿಸೆಂಬರ್ 29ರಂದು ಹೆಂಗಸರು ಮಕ್ಕಳೆನ್ನದೆ ಸೈನಿಕರು ಲಕೋಟರನ್ನು ಕೊಂದ ವೂಂಡೆಡ್ ನೀ ಇರುವುದೂ ಈ ಕೌಂಟಿಯಲ್ಲಿಯೇ. ಆ ಸಮಾಧಿಯ ದಿಬ್ಬಕ್ಕೆ ಹೋಗುವ ಮಗುವು ತನ್ನ ಕೌಂಟಿಯ ಹೆಸರನ್ನು ಬರೆಯುವಾಗಲೆಲ್ಲ, ತನ್ನ ಹಿರಿಯರ ಭೂಮಿಯನ್ನು ಬಿಡಿಸಿಕೊಳ್ಳಲು ಬಂದವನ ಹೆಸರನ್ನೇ ಬರೆಯಬೇಕಾಗಿತ್ತೆಂಬುದು ಬಡತನದಷ್ಟೇ ನೋವಿನ ವಿಷಯ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. 13,000ಕ್ಕೂ ಹೆಚ್ಚು ಜನರಿರುವ ಈ ಕೌಂಟಿಗೆ ತನ್ನದೇ ಆದ ಆಡಳಿತ ಕೇಂದ್ರವಿಲ್ಲ. ಖಜಾನೆ, ಭೂದಾಖಲೆ ಮುಂತಾದ ಕೆಲಸಗಳು ನೆರೆಯ ಫಾಲ್ ರಿವರ್ ಕೌಂಟಿಯ ಹಾಟ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ನಡೆಯುತ್ತವೆ. ಹೆಸರು ಊರಿಗೆ ಬಂದಿದೆ, ಕಚೇರಿಯೂ ಬರಬೇಕು. ಆ ನೆಲದ ಕಾಗದಪತ್ರಗಳು ಆ ನೆಲದಲ್ಲಿಯೇ, ಅಲ್ಲಿಯವರ ಕೈಗೆಟುಕುವಂತೆ ಇರಬೇಕು.