ಕಾಯಿಲೆಗೆ ಮೊದಲು ಕಾಗದ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಆಚರಣೆಯ ಸಂದೇಹಗಳು, ಮಕ್ಕಳಿಗಿಡುವ ಹೆಸರುಗಳು, ಹಳೆಯ ಗ್ರಂಥಗಳ ಅರ್ಥ ಮುಂತಾದವುಗಳನ್ನು ಕುರಿತವು. ಇನ್ನಂಜೆಯ ಓದುಗ ತಾಯಿಯೊಬ್ಬರು ಕಳೆದ ತಿಂಗಳು ಬರೆದ ಪತ್ರ ಆ ಜಾತಿಯದಲ್ಲ. ಅವರ ಯಜಮಾನರಿಗೆ ಅರವತ್ತೇಳು ವರ್ಷ. ಮುಂಬಯಿಯ ಹೋಟೆಲುಗಳಲ್ಲಿ ನಾಲ್ಕು ದಶಕ ದುಡಿದು, ಮೊಣಕಾಲು ಸೋತ ಮೇಲೆ ಪತ್ನಿಯ ತವರಿಗೆ ಬಂದು ನೆಲೆಸಿದವರು. ಎದೆನೋವೆಂದು ಪರೀಕ್ಷೆ ಮಾಡಿಸಿದಾಗ ಹೃದಯದ ಎರಡು ರಕ್ತನಾಳಗಳು ಕಟ್ಟಿಕೊಂಡಿವೆಯೆಂದೂ ಸ್ಟೆಂಟ್ ಹಾಕಿಸಬೇಕೆಂದೂ ವೈದ್ಯರು ತಿಳಿಸಿದ್ದಾರೆ. ವೆಚ್ಚ ಎರಡು ಲಕ್ಷ ಮಿಕ್ಕೀತು. ಮನೆಗೆ ಬರುವುದು ಮಗ ಮುಂಬಯಿಯಿಂದ ಕಳುಹಿಸುವ ಅಷ್ಟಿಷ್ಟು ಹಣ, ಹನ್ನೆರಡು ಸೆಂಟ್ಸ್ ಹಿತ್ತಿಲಿನ ತೆಂಗು. “ಹಿತ್ತಿಲನ್ನು ಮಾರೋಣವೇ? ಸರ್ಕಾರದ ಯೋಜನೆಯಿದೆಯೆಂದು ಜನ ಹೇಳುತ್ತಾರೆ. ಆದರೆ ನಮ್ಮವರು ‘ಭಿಕ್ಷೆಯ ಹಣದಲ್ಲಿ ಬದುಕುವುದು ಬೇಡ’ ಎಂದು ಹಟ ಹಿಡಿದಿದ್ದಾರೆ” ಎಂಬುದು ಆ ತಾಯಿಯ ಮಾತು.

ಮೊದಲು ಹಟದ ವಿಚಾರ. ಕೈಚಾಚಬಾರದೆಂಬ ಅಭಿಮಾನ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದ ಸಂಸ್ಕಾರವೇ ಸರಿ. ಕಾಯಕದ ಮಾತನ್ನು ಕೇಳುತ್ತ ಬೆಳೆದವರಿಗೆ ಅದು ಸಹಜ. ಆದರೆ ಇಲ್ಲಿ ಆ ಅಭಿಮಾನ ಅಸ್ಥಾನದಲ್ಲಿದೆ. ನಲವತ್ತು ವರ್ಷ ದುಡಿದ ಮನುಷ್ಯನು ತಾನು ಕೊಂಡ ಸಾಬೂನಿನ ಮೇಲೆ, ಬೆಂಕಿಪೆಟ್ಟಿಗೆಯ ಮೇಲೆ, ತೊಟ್ಟ ಅಂಗಿಯ ಮೇಲೆ ತೆರಿಗೆ ತೆತ್ತೇ ಬಂದಿದ್ದಾನೆ. ಆ ಬೊಕ್ಕಸದಿಂದ ಅವನ ಎದೆಯ ಚಿಕಿತ್ಸೆಗೆ ಹಣ ಬರುವುದು ಭಿಕ್ಷೆಯಾಗುವುದು ಹೇಗೆ? ಬ್ಯಾಂಕಿನಲ್ಲಿಟ್ಟ ಸ್ವಂತ ಹಣವನ್ನು ಹಿಂದಕ್ಕೆ ಪಡೆಯುವಾಗ ಯಾರೂ ನಾಚುವುದಿಲ್ಲ. ಯಜಮಾನರಿಗೆ ಇಷ್ಟನ್ನು ಓದಿ ಹೇಳಿರಿ ತಾಯಿ; ಉಳಿದದ್ದು ವ್ಯವಹಾರದ ಮಾತು.

ಸರ್ಕಾರದ ಯೋಜನೆಗಳ ಹೆಸರುಗಳು ಬದಲಾಗುತ್ತ ಬಂದಿರುವುದರಿಂದ ಜನರಿಗೆ ಗೊಂದಲವಾಗಿದೆ. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, ಅದರ ಬೆನ್ನಿಗೆ ಬಂದ ಬೇರೆ ಬೇರೆ ‘ಭಾಗ್ಯ’ಗಳು, ಸಹಕಾರಿಗಳ ಯಶಸ್ವಿನಿ ಇವೆಲ್ಲವನ್ನೂ ಕೂಡಿಸಿ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ವನ್ನು ತರಲಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತವೂ ಅದರೊಡನೆ ಬೆರೆಯಿತು. ಈಗ ಅದರ ಹೆಸರು ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದವಾಗಿದೆ. ಊರಿನಲ್ಲಿ ‘ಆಯುಷ್ಮಾನ್ ಕಾರ್ಡು’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಬಿ.ಪಿ.ಎಲ್. ಅಥವಾ ಅಂತ್ಯೋದಯ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಈ ಮೊತ್ತ ಇಡೀ ಕುಟುಂಬಕ್ಕೆ, ತಲೆಗೆ ಇಷ್ಟೆಂದಲ್ಲ. ಎ.ಪಿ.ಎಲ್. ಚೀಟಿಯವರಿಗೆ ಸರ್ಕಾರವು ನಿಗದಿತ ದರದ ನೂರಕ್ಕೆ 30 ಭಾಗವನ್ನು, ವರ್ಷಕ್ಕೆ 1.50 ಲಕ್ಷದ ಮಿತಿಯೊಳಗೆ ಭರಿಸುತ್ತದೆ. ಇಲ್ಲಿ ‘ನಿಗದಿತ ದರ’ ಎಂಬ ಮಾತನ್ನು ಗಮನಿಸಬೇಕು. ಅದು ಸರ್ಕಾರ ಕಟ್ಟಿದ ಬೆಲೆಯೇ ಹೊರತು ಆಸ್ಪತ್ರೆಯು ಬರೆದ ಬಿಲ್ಲಿನ ಮೊತ್ತವಲ್ಲ. ಮೂರು ಲಕ್ಷದ ಬಿಲ್ಲಿಗೆ ತೊಂಬತ್ತು ಸಾವಿರ ಬಂದೀತೆಂದು ಲೆಕ್ಕ ಹಾಕಿಕೊಂಡವರು ನಿರಾಶರಾಗುತ್ತಾರೆ.

ಇನ್ನು ಬಹುಮಂದಿ ಎಡವುವ ಮೆಟ್ಟಿಲು. ಯೋಜನೆ ಆರಂಭವಾದಾಗ ಅದರ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳಿಗೆ ಮಾತ್ರ ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದಿತ್ತು. ಉಳಿದುವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಚಿಕಿತ್ಸೆಗೆ ಅನುಕೂಲವಿಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಪತ್ರ ಬರೆದುಕೊಡುತ್ತಾರೆ. ಆ ಪತ್ರದೊಡನೆ ಹೋದವರಿಗೆ ಮಾತ್ರ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಬಾಗಿಲು ತೆರೆಯುತ್ತದೆ. ಈ ಕ್ರಮ ಇಂದಿಗೂ ಹಾಗೆಯೇ ಇದೆ. ಇನ್ನಂಜೆಯವರಿಗೆ ಇದರ ಅರ್ಥವಿಷ್ಟೇ: ಮೊದಲು ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಪತ್ರ, ಆಮೇಲೆ ಮಣಿಪಾಲ. ನಮ್ಮವರು ಮಾಡುವುದು ಇದರ ವಿಲೋಮ. ನೇರವಾಗಿ ದೊಡ್ಡ ಆಸ್ಪತ್ರೆಗೆ ಸೇರಿ, ಮುಂಗಡ ಕಟ್ಟಿ, ಮೂರನೆಯ ದಿನ ಯಾರೋ ಹೇಳಿದರೆಂದು ಕಾರ್ಡು ತೋರಿಸುತ್ತಾರೆ. ಕೈಯಿಂದ ಕಟ್ಟಿದ ಹಣವನ್ನು ಈ ಯೋಜನೆ ಮರಳಿಸುವುದಿಲ್ಲ. ನಮಗೆ ಪರಿಚಿತರಾದ ವೃದ್ಧರೊಬ್ಬರು ಹೀಗೆಯೇ ಕಣ್ಣಿನ ಚಿಕಿತ್ಸೆಗೆ ಹಣ ಕಟ್ಟಿ, ಅರ್ಜಿ ಹಿಡಿದು ಎಂಟು ತಿಂಗಳು ಅಲೆದರು.

ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಜಿಲ್ಲಾ ಆಸ್ಪತ್ರೆಯಲ್ಲಿಯೂ ‘ಆರೋಗ್ಯಮಿತ್ರ’ ಎಂಬ ಸಹಾಯಕರಿರುತ್ತಾರೆ. ವೈದ್ಯರಿಗಿಂತ ಮೊದಲು ಕಾಣಬೇಕಾದವರು ಇವರು. ಮಾತನಾಡಲು ಸಂಕೋಚವಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬಹುದು. ಮನೆಯಿಂದಲೇ 104ಕ್ಕೆ ಫೋನು ಮಾಡಿಯೂ ಕೇಳಬಹುದು. ತುರ್ತು ಎಂಬ ಮಾತನ್ನು ಮಾತ್ರ ತಪ್ಪಾಗಿ ತಿಳಿಯಬೇಡಿ. ಎದೆನೋವು ಉಲ್ಬಣಿಸಿ ಬೆವರು ಕಿತ್ತು ಬಂದರೆ ಪತ್ರಕ್ಕಾಗಿ ಕಾಯುತ್ತ ಕೂರಬಾರದು. ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ದು, ದಾಖಲಾದ ಗಳಿಗೆಯಲ್ಲೇ ಕಾರ್ಡಿನ ವಿಚಾರ ಹೇಳಬೇಕು.

ಆದರೆ ಈ ತಾಯಿಯ ತೊಡಕು ಇನ್ನೂ ಹಿಂದಿನದು. ಪತ್ರದ ಕೊನೆಯಲ್ಲಿ, ಅಪ್ರಧಾನವೆಂಬಂತೆ, ಒಂದು ಸಾಲಿದೆ: ಗಂಡಹೆಂಡಿರ ಹೆಸರು ಇಂದಿಗೂ ಮಗನ ಮುಂಬಯಿಯ ಪಡಿತರ ಚೀಟಿಯಲ್ಲಿದೆ. ಇಡೀ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಮಹಾರಾಷ್ಟ್ರದ ಚೀಟಿ ಹಿಡಿದು ಉಡುಪಿಯಲ್ಲಿ ಕರ್ನಾಟಕದ ಯೋಜನೆಯನ್ನು ಕೇಳಲಾಗದು. ಹೋಟೆಲು ಕಸುಬಿಗಾಗಿ ಊರು ಬಿಟ್ಟು, ಮುಪ್ಪಿನಲ್ಲಿ ಮರಳಿದ ಕರಾವಳಿಯ ಅದೆಷ್ಟೋ ಕುಟುಂಬಗಳ ಸ್ಥಿತಿ ಇದೇ. ದೇಹ ಊರಿಗೆ ಬಂದಿದೆ, ಹೆಸರು ಅಲ್ಲೇ ಉಳಿದಿದೆ.

ಇದಕ್ಕೆ ಎರಡು ದಾರಿಗಳು. ಮುಂಬಯಿಯ ಚೀಟಿಯಿಂದ ಹೆಸರು ತೆಗೆಸಿ, ತೆಗೆದುದಕ್ಕೆ ಪ್ರಮಾಣಪತ್ರ ಪಡೆದು, ಆಧಾರದಲ್ಲಿ ಇನ್ನಂಜೆಯ ವಿಳಾಸ ಮಾಡಿಸಿ, ಇಲ್ಲಿ ಹೊಸ ಚೀಟಿಗೆ ಅರ್ಜಿ ಹಾಕುವುದು ಮೊದಲನೆಯದು. ಬಿ.ಪಿ.ಎಲ್. ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷವನ್ನು ಮೀರಿರಬಾರದೆಂಬ ನಿಯಮವಿದೆ. ಹೊಸ ಅರ್ಜಿಗಳನ್ನು ಎಲ್ಲ ಕಾಲದಲ್ಲೂ ಸ್ವೀಕರಿಸುವುದಿಲ್ಲವಾದ ಕಾರಣ ಕಾಪುವಿನ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಇದಕ್ಕೆ ತಿಂಗಳುಗಳು ಹಿಡಿಯಬಹುದು. ವೈದ್ಯರು ಅಷ್ಟು ಕಾಯಬಾರದೆಂದರೆ ಎರಡನೆಯ ದಾರಿ ಮುಂಬಯಿಯೇ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿದೆ. 2024ರ ಜುಲೈಯಿಂದ ಅದನ್ನು ಆ ರಾಜ್ಯದ ಪಡಿತರ ಚೀಟಿಯುಳ್ಳ ಎಲ್ಲ ಕುಟುಂಬಗಳಿಗೂ, 5 ಲಕ್ಷದ ಮಿತಿಯೊಡನೆ ವಿಸ್ತರಿಸಲಾಗಿದೆ. ಪ್ರಯಾಣಕ್ಕೆ ದೇಹ ತಾಳೀತೇ ಎಂಬುದನ್ನು ವೈದ್ಯರಲ್ಲಿ ಕೇಳಿ, ತಾಳುವುದಾದರೆ ಮಗನ ಊರಿನಲ್ಲೇ ಚಿಕಿತ್ಸೆ ಮಾಡಿಸುವುದು ಈಗ ಮೇಲು. ಇವೆರಡೂ ದಾರಿ ಮುಚ್ಚಿದವೆಂದು ಖಚಿತವಾಗುವ ತನಕ ಹಿತ್ತಿಲಿನ ಕ್ರಯಪತ್ರಕ್ಕೆ ಸಹಿ ಬೀಳಕೂಡದು. ಕೊಳ್ಳುವವರು ಅವಸರಪಡಿಸುತ್ತಾರೆ, ಸಂಕಟದಲ್ಲಿರುವವನ ಭೂಮಿ ಅಗ್ಗವೆಂಬುದು ಅವರಿಗೂ ಗೊತ್ತು.

ಇನ್ನೊಂದು ಮಾತು. ಯಜಮಾನರ ಹಳೆಯ ಟ್ರಂಕನ್ನು ಒಮ್ಮೆ ತೆಗೆದು ನೋಡಿ. ಅವರು ದುಡಿದ ಹೋಟೆಲಿನಲ್ಲಿ ಇ.ಎಸ್.ಐ. ಇತ್ತೇ, ಅದರ ಚೀಟಿ ಉಳಿದಿದೆಯೇ? ಕಾರ್ಮಿಕರ ರಾಜ್ಯ ವಿಮಾ ನಿಯಮಗಳ ಮೇರೆಗೆ ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ತಮಗೂ ಪತ್ನಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ಮಾಲೀಕರು ಹೇಳುವುದಿಲ್ಲ, ನೌಕರರು ಕೇಳುವುದಿಲ್ಲ. ಹೀಗಾಗಿ ಬಹುಜನರಿಗೆ ಈ ಅವಕಾಶದ ಸುಳಿವೇ ಇಲ್ಲ.

ಯಾವ ಯೋಜನೆಯೂ ದೊರೆಯದೆ ಸ್ವಂತ ಹಣವನ್ನೇ ಕೊಡಬೇಕಾಗಿ ಬಂದರೂ ಕಣ್ಣು ಮುಚ್ಚಿ ಕೊಡಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸ್ಟೆಂಟುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಅಲ್ಲಿಯವರೆಗೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿನ ಬೆಲೆ ಆಗ 29,600 ರೂಪಾಯಿಗೆ ಇಳಿಯಿತು. ಆಮೇಲೆ ಬೆಲೆಸೂಚ್ಯಂಕವನ್ನು ಅನುಸರಿಸಿ ಅದು ಏರಿದೆಯಾದರೂ ಮಿತಿ ಇದ್ದೇ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರನ್ನೂ ಬೆಲೆಯನ್ನೂ ಪ್ರತ್ಯೇಕವಾಗಿ ನಮೂದಿಸಬೇಕೆಂಬುದು ಆ ಆದೇಶದಲ್ಲಿಯೇ ಇದೆ. ಚಿಕಿತ್ಸೆಗೆ ಮೊದಲು ಅಂದಾಜುಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದೇ ಪಟ್ಟಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕುವಾಗಲೂ ಬೇಕಾಗುತ್ತದೆ; ಶಾಸಕರ ಪತ್ರವನ್ನು ಅರ್ಜಿಗೆ ಲಗತ್ತಿಸುವುದು ರೂಢಿ.

ಮಕ್ಕಳು ಅಮೆರಿಕದಲ್ಲಿರುವ ಓದುಗರು ಅಲ್ಲಿ ಇಂಥ ತಾಪತ್ರಯಗಳಿಲ್ಲವೆಂದು ಭಾವಿಸಿರಬಹುದು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಮಾಡಿದ ಮೆಡಿಕೇರ್ ಕಾನೂನು ಅರವತ್ತೈದು ದಾಟಿದವರಿಗೆ ವಿಮೆಯನ್ನೇನೋ ಕೊಟ್ಟಿತು. ಆದರೆ ಅದಕ್ಕೂ ತಿಂಗಳ ಕಂತಿದೆ, ಬಿಲ್ಲಿನಲ್ಲಿ ರೋಗಿಯ ಪಾಲಿದೆ. ಅಲ್ಪ ಆದಾಯದ ವೃದ್ಧರ ಪರವಾಗಿ ಆ ಕಂತನ್ನು ತುಂಬಲು ಅಲ್ಲಿನ ರಾಜ್ಯಗಳಲ್ಲಿ ಪ್ರತ್ಯೇಕ ನೆರವುಗಳಿವೆ. ಅರ್ಹರಾದ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲವೆಂಬುದು ಆ ದೇಶದ ಹಳೆಯ ದೂರು. ಮಕ್ಕಳ ಬಳಿಗೆ ಹೋಗಿ ನೆಲೆಸಿದ ನಮ್ಮ ತಂದೆತಾಯಿಗಳಾದರೋ ಗ್ರೀನ್ ಕಾರ್ಡು ದೊರೆತ ಮೇಲೂ ಸಾಮಾನ್ಯವಾಗಿ ಐದು ವರ್ಷ ಅಲ್ಲಿ ವಾಸಿಸಿದ ಬಳಿಕವೇ ಮೆಡಿಕೇರ್‌ಗೆ ಸೇರಬಲ್ಲರು. ಟಿಕೆಟು ತೆಗೆಸುವ ಮುನ್ನ ತಿಳಿದಿರಬೇಕಾದ ವಿಷಯವಿದು.

ಇಲ್ಲಿಯವರೆಗೆ ಹೇಳಿದ್ದು ಕಾಯಿಲೆ ಬಂದ ಮನೆಗೆ. ಬಾರದ ಮನೆಗಳು ಇಂದೇ ಮಾಡಿಟ್ಟುಕೊಳ್ಳಬಹುದಾದ ಒಂದು ಕೆಲಸವಿದೆ. 2003ರಲ್ಲಿ ರೈತರಿಂದ ವರ್ಷಕ್ಕೆ 60 ರೂಪಾಯಿ ಪಡೆದು ಆರಂಭಿಸಿದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮರಳಿ ಆರಂಭವಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆಯೆಂದು ಗೊತ್ತುಮಾಡಲಾಯಿತು. ಚಿಕಿತ್ಸೆಯ ಮಿತಿ 5 ಲಕ್ಷ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನಡೆಯುತ್ತದೆ. ಐನೂರು ರೂಪಾಯಿ ಎಂದರೆ ದಿನಕ್ಕೆ ಒಂದೂವರೆ ರೂಪಾಯಿಯೂ ಇಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಯಿಂದ ಸಂಗ್ರಹಿಸಲು ತೊಡಗಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿಯ ಮಾತು ಜಿಲ್ಲೆಯ ಜನರ ಬಾಯಲ್ಲಿ ಉಳಿದಿದೆ. ಆ ಬ್ಯಾಂಕನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಗಳೇ 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿದರು. ಪುಡಿಗಾಸಿನ ಶಕ್ತಿಯನ್ನು ಈ ನೆಲದವರಿಗೆ ನಾನು ವಿವರಿಸಹೋಗುವುದು ಉದ್ಧಟತನವಾದೀತು.

ಆಸ್ಪತ್ರೆಯ ದೊಡ್ಡ ಖರ್ಚಿಗಿಂತ ಬಡ ವೃದ್ಧರನ್ನು ಸದ್ದಿಲ್ಲದೆ ಸವೆಸುವುದು ತಿಂಗಳ ಮಾತ್ರೆಗಳ ವೆಚ್ಚ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ನುಂಗಲೇಬೇಕು. ಹಣವಿಲ್ಲವೆಂದು ನಡುವೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಒಳರೋಗಿಯಾಗದೆ ಹೀಗೆ ವರ್ಷಗಟ್ಟಲೆ ಕೊಳ್ಳುವ ಔಷಧಗಳಿಗೆ ಆಯುಷ್ಮಾನ್ ಕಾರ್ಡು ನಡೆಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ; ಮೊದಲು ಅಲ್ಲಿ ಕೇಳಬೇಕು. ಅಲ್ಲಿ ದೊರೆಯದ್ದಕ್ಕೆ ಜನೌಷಧಿ ಕೇಂದ್ರವಿದೆ. ಮಣಿಪಾಲದ ಆರೋಗ್ಯ ಕಾರ್ಡು ಆ ಸಂಸ್ಥೆಯ ಆಸ್ಪತ್ರೆಗಳಲ್ಲಿ ಶುಲ್ಕದ ರಿಯಾಯಿತಿ ಕೊಡುತ್ತದೆ. ಅದು ವಿಮೆಯಲ್ಲ, ಎರಡನ್ನೂ ಒಂದೆಂದು ಎಣಿಸಬಾರದು. ಜನೌಷಧಿಯಲ್ಲಿ ಔಷಧವನ್ನು ಕಂಪನಿಯ ಹೆಸರಿನಿಂದ ಗುರುತಿಸುವುದಿಲ್ಲ, ಆದ್ದರಿಂದ ಚೀಟಿ ಬರೆಯುವಾಗಲೇ ಔಷಧದ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ವಿನಯದಿಂದ ಕೇಳಿಕೊಳ್ಳಿ. ಮಾತ್ರೆಯ ತೂಕವನ್ನೂ, ಅಂದರೆ ಎಷ್ಟು ಮಿಲಿಗ್ರಾಂ ಎಂಬುದನ್ನೂ, ಅಕ್ಷರ ತಿಳಿಯುವಂತೆ ಬರೆಸಿಕೊಳ್ಳಿ.