ಉಪ್ಪಿನಕಾಯಿ ಬಾಟಲಿಯಲ್ಲಿ ಉಸುಕು

ಬೆಂಗಳೂರಿನಲ್ಲಿ ನನ್ನ ಕೆಲಸವೇ ಕಾಂಕ್ರೀಟಿಗೆ ಬರುವ ಮಾಲು ಟೆಸ್ಟ್ ಮಾಡೋದು. 4.75 ಎಂ.ಎಂ.ನಿಂದ 150 ಮೈಕ್ರಾನ್‌ವರೆಗಿನ ಜರಡಿಗಳನ್ನು ಒಂದರ ಮೇಲೊಂದು ಜೋಡಿಸಿ ಅಲ್ಲಾಡಿಸ್ತೀವಿ, ತೂಕ ಬರೀತೀವಿ, ಸಹಿ ಹಾಕ್ತೀವಿ. ಫೇಲಾದ್ರೆ ಲಾರಿ ವಾಪಸ್. ಯಾರ ಮುಖಾನೂ ನೋಡಬೇಕಾಗಿಲ್ಲ.

ನಿರ್ಣಾದಲ್ಲಿ ನೋಡಬೇಕಾಯ್ತು. ಅಪ್ಪ ತಮ್ಮ ಪಿಎಫ್ ದುಡ್ಡಿನಲ್ಲಿ ಮನೆ ಕಟ್ಟಿಸ್ತಿದ್ರು. ಸ್ಲ್ಯಾಬಿಗೆ ಎರಡೇ ದಿನ ಇತ್ತು. ಅಂಗಳದ ಉಸುಕನ್ನ ಒಂದು ಹಿಡಿ ತಗೊಂಡು ಹಿಂಡಿ ಚೆಲ್ಲಿದೆ. ಅಂಗೈ ಕೆಂಪಗೇ ಉಳೀತು.

"ಕಾಕಾ, ಇದರಾಗ ಮಣ್ಣು ಭಾಳ ಅದ ಅನಸ್ತದ."

ಗೌಂಡಿ ಕಾಕಾ ತಲೆ ಎತ್ತಲಿಲ್ಲ. "ಮೂವತ್ತು ವರ್ಷ ಇಂಥಾದ್ರಾಗೇ ಮನಿ ಕಟ್ಟೀನಿ ತಮ್ಮಾ. ಯಾವದರ ಬಿದ್ದದೇನು?"

ಅಪ್ಪ ನನ್ನನ್ನ ನೋಡಿದ್ರು. ರೊಕ್ಕ ಪೂರ್ತಿ ಕೊಟ್ಟಾಗಿತ್ತು, ಸ್ಲ್ಯಾಬಿನ ದಿನಾನೂ ಕೇಳಿಸಿ ಇಟ್ಟಿದ್ರು.

ಅವ್ವನ ಹತ್ರ ಖಾಲಿ ಉಪ್ಪಿನಕಾಯಿ ಬಾಟಲಿ ಇಸ್ಕೊಂಡೆ. ರಾಶಿಯ ನಾಲ್ಕೈದು ಕಡೆಯಿಂದ ಉಸುಕು ತೆಗೆದು ಅರ್ಧ ತುಂಬಿಸಿ, ನೀರು, ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಕಟ್ಟೆ ಮೇಲಿಟ್ಟೆ. ಉಪ್ಪಿಗೆ ಮಣ್ಣು ಬೇಗ ಕೂರತ್ತೆ. ಮೂರು ತಾಸು ಬಿಟ್ಟು ನೋಡಿದ್ರೆ ಉಸುಕು 8 ಸೆಂ.ಮೀ., ಅದರ ಮೇಲೆ ಮಣ್ಣಿನ ಪದರ 1.2 ಸೆಂ.ಮೀ. ಲೆಕ್ಕಕ್ಕೆ 15 ಪರ್ಸೆಂಟ್. ಸೈಟಿನ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 8ರವರೆಗೆ ಮಾತ್ರ ಒಪ್ತಾರೆ. (ಎಂ-ಸ್ಯಾಂಡ್‌ಗೆ ಈ ಲೆಕ್ಕ ಹಿಡೀಬೇಡಿ. ಅದರ ಪುಡಿ ಮಣ್ಣಲ್ಲ, ಕಲ್ಲಿನದು. ಐಎಸ್ 383 ಅದಕ್ಕೆ ತೂಕದಲ್ಲಿ 15ರವರೆಗೂ ಬಿಡುತ್ತೆ.)

ಮಣ್ಣು ಉಸುಕಿನ ಕಾಳಿಗೆ ಅಂಟಿದ್ರೆ ಸಿಮೆಂಟು ಕಾಳನ್ನ ಹಿಡಿಯಲ್ಲ. ಮೇಲಾಗಿ ನೀರು ಜಾಸ್ತಿ ಕೇಳತ್ತೆ. ನೀರು ಹೆಚ್ಚಿದಷ್ಟು ಸ್ಲ್ಯಾಬಿನ ತಾಕತ್ತು ಇಳೀತು ಅಂತಲೇ.

ಕಾಕಾ ಬಾಟಲಿಯನ್ನ ಬಿಸಿಲಿಗೆ ಹಿಡಿದು ಭಾಳ ಹೊತ್ತು ನೋಡಿದ್ರು. "ಇಷ್ಟಾ?" ಅಂದ್ರು. ಆಮೇಲೆ ಖಡಿ ರಾಶಿ ಹತ್ರ ಹೋಗಿ ಕುಂತ್ರು. ಅಲ್ಲಿ ನಾನು ಶಿಷ್ಯ. ಈ ಭಾಗದ ಕರಿಕಲ್ಲು ಗಟ್ಟಿ, ಆದ್ರೆ ಒಡೆಯುವಾಗ ಕೆಲವು ಬಿಲ್ಲೆಯಂಗ ಚಪ್ಪಟೆ ಬೀಳ್ತಾವ ಅಂದ್ರು. ಅಂಥವು ಜಾಸ್ತಿ ಇದ್ರೆ ಮಾಲು ಹರಿಯಲ್ಲ, ಆಳುಗಳು ಕದ್ದು ನೀರು ಸುರೀತಾರೆ. ದೊಡ್ಡ ಕಲ್ಲು ಉರುಳಿ ರಾಶಿಯ ಬುಡಕ್ಕೆ ಬಂದಿರತ್ತೆ, ಅದಕ್ಕೇ ಮೇಲಿನ ಹಿಡಿ ನೋಡಿ ನಂಬಬಾರದು ಅಂತಲೂ ಹೇಳಿದ್ರು. ನಮ್ಮ ಲ್ಯಾಬಿನಲ್ಲಿ ಇದನ್ನೇ ಸ್ಯಾಂಪ್ಲಿಂಗ್ ಅಂತೀವಿ. ಇಪ್ಪತ್ತು ಎಂ.ಎಂ. ಮೀರಿದ ಕಲ್ಲು ಸರಳುಗಳ ನಡುವೆ ಸಿಕ್ಕೊಂಡು ಕೆಳಗೆ ಪೊಳ್ಳು ಬಿಡತ್ತೆ, ಅಂಥವನ್ನ ಅವರೇ ಆರಿಸಿ ತೆಗೆಸಿದ್ರು.

ಬ್ಯಾಸಗಿಯಲ್ಲಿ ಆ ಉಸುಕು ತೊಳೆಯುವಷ್ಟು ನೀರು ಎಲ್ಲಿಂದ ತರೋದು? ನೆಲದ ಭರ್ತಿಗೆ ಹಾಕಿದ್ವಿ. ಇನ್ನೊಂದು ಲೋಡ್ ತರಿಸಿ, ಬಾಟಲಿಗೆ ಹಾಕಿ ನೋಡಿ, ನಾಲ್ಕು ದಿನ ತಡವಾಗಿ ಸ್ಲ್ಯಾಬ್ ಹಾಕಿದ್ವಿ. ದಿನ ತಪ್ಪಿತು ಅಂತ ಅಪ್ಪ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೊನ್ನೆ ಕಾಕಾನ ಫೋನ್ ಬಂತು. ಬೇರೆ ಯಾರದೋ ಮನೆ ಕೆಲಸ ಹಿಡಿದಿದ್ದಾರಂತೆ.

"ತಮ್ಮಾ, ಬಾಟ್ಲಿಗಿ ಉಪ್ಪು ಒಂದ ಚಮಚಾನೋ, ಎರಡೋ?"