ರೇಷ್ಮೆ ಕಲಿಸಿದ ಹಿರಿಯರ ಋಣ

ಕೋಲಾರ ತಾಲ್ಲೂಕಿನ ನರಸಾಪುರ ಇಂದು ಕಾರ್ಖಾನೆಗಳಿಂದ ಪ್ರಸಿದ್ಧ. 2013ರಲ್ಲಿ ಹೊಂಡಾ ದ್ವಿಚಕ್ರ ವಾಹನಗಳ ಘಟಕ ಇಲ್ಲಿ ಕಾರ್ಯಾರಂಭ ಮಾಡಿತು. ಐಫೋನ್ ಜೋಡಣೆಗಾಗಿ ತೈವಾನಿನ ಕಂಪನಿ ಕಟ್ಟಿದ ಘಟಕ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಚೀನಾದೊಂದಿಗೆ ಈ ಸೀಮೆಯ ನಂಟು ಮೊಬೈಲಿನ ಬಿಡಿಭಾಗಗಳಿಂದಲೇ ಆರಂಭವಾಯಿತೆಂದು ಹೊಸ ತಲೆಮಾರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಬಹು ಹಳೆಯ ನಂಟೊಂದು ಜಿಲ್ಲೆಯ ಹಿಪ್ಪುನೇರಳೆ ತೋಟಗಳಲ್ಲಿದೆ.

ನಮ್ಮ ರೈತರು ಸಾಕುವ ರೇಷ್ಮೆಹುಳು ಕಾಡಿನ ಜೀವಿಯಲ್ಲ. ಅದರ ಚಿಟ್ಟೆ ಹಾರಲಾರದು. ಸೊಪ್ಪು ಹಾಕುವ ಕೈಯಿಲ್ಲದೆ ಹುಳು ಬದುಕಲಾರದು. ಸುಮಾರು 5,000 ವರ್ಷಗಳ ಹಿಂದೆ ಚೀನಾದ ಕೃಷಿಕರು ಕಾಡುಹುಳುವನ್ನು ಪಳಗಿಸಿ, ತಲೆಮಾರುಗಳ ತಾಳ್ಮೆಯಿಂದ ಈ ತಳಿಯನ್ನು ರೂಪಿಸಿದರು. ಕೌಟಿಲ್ಯನ ಅರ್ಥಶಾಸ್ತ್ರ ಚೀನಾದ ಪಟ್ಟೆಯನ್ನು ಹೆಸರಿಸುತ್ತದೆ. ಕಾಳಿದಾಸ ಚೀನಾಂಶುಕವನ್ನು ಬಲ್ಲ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಕಸುಬಿಗೆ ನೆಲೆಯೊದಗಿಸಿದ. ಮುಂದೆ ಜಮಶೆಟ್ಜಿ ಟಾಟಾ ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆ ತೋಟಕ್ಕೆ ಜಪಾನಿನ ತಜ್ಞರು ಬಂದರು. ಹೀಗೆ ಹಲವು ನಾಡುಗಳ ವಿದ್ಯೆ ಕೂಡಿ ಕೋಲಾರದ ಒಕ್ಕಲಿಗನ ಮನೆಯಲ್ಲಿ ಚಂದ್ರಿಕೆಯಾಗಿ ನಿಂತಿತು. ಹುಳು ಪೊರೆ ಬಿಡುವುದನ್ನು 'ಜ್ವರ' ಎಂದೂ, ಗೂಡು ಕಟ್ಟಲು ಸಿದ್ಧವಾದುದನ್ನು 'ಹಣ್ಣಾಯಿತು' ಎಂದೂ ಕರೆದು ನಮ್ಮವರು ಆ ವಿದ್ಯೆಯನ್ನು ಕನ್ನಡದ್ದಾಗಿಸಿಕೊಂಡರು.

ಚೀನಾದ ಹೆಸರೆತ್ತಿದರೆ ರೇಷ್ಮೆ ಬೆಳೆಗಾರ ಸಿಡುಕುವುದಕ್ಕೂ ಕಾರಣವಿದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಧಾರಣೆ ಕುಸಿದು ಅನೇಕ ಕುಟುಂಬಗಳು ಸಾಲದಲ್ಲಿ ಸಿಲುಕಿದವು. ಆ ನೋವು ನ್ಯಾಯವಾದುದು. ಆದರೆ ಸುಂಕ ನಿರ್ಧರಿಸಿದ್ದು ದೆಹಲಿ. ಹುಳು ಪಳಗಿಸಿದ ಅನಾಮಿಕ ಹಳ್ಳಿಗರಲ್ಲ. ಇಂದಿನ ವ್ಯಾಪಾರದ ಜಗಳಕ್ಕಾಗಿ ಪುರಾತನ ಉಪಕಾರವನ್ನು ಮರೆಯಬೇಕಿಲ್ಲ.

ಚೀನೀಯರು ಪ್ರತಿ ಏಪ್ರಿಲ್ ಆರಂಭದಲ್ಲಿ ಚಿಂಗ್‌ಮಿಂಗ್ ದಿನದಂದು ಪೂರ್ವಿಕರ ಸಮಾಧಿಗಳನ್ನು ಗುಡಿಸಿ ಶುಚಿಗೊಳಿಸುತ್ತಾರೆ. ನಾವು ಮಹಾಲಯ ಅಮಾವಾಸ್ಯೆಗೆ ಎಡೆಯಿಡುತ್ತೇವೆ. ನಮ್ಮ ತರ್ಪಣ ವಿಧಿಯಲ್ಲಿ ರಕ್ತಸಂಬಂಧಿಗಳಲ್ಲದೆ ಗುರುವಿಗೂ ಮಿತ್ರನಿಗೂ ಪಾಲುಂಟು. ಅನ್ನದ ದಾರಿ ತೋರಿದವರು ಗುರುಗಳಲ್ಲದೆ ಮತ್ತಾರು?

ಋಣ ತೀರುವುದು ಬರಿಯ ಸ್ಮರಣೆಯಿಂದಲ್ಲ, ವಿದ್ಯೆಯನ್ನು ಉಳಿಸುವುದರಿಂದ. ಕಾರ್ಖಾನೆಯ ಸಂಬಳ ಅರಸಿ ಹೋಗುವ ಯುವಕರನ್ನು ದೂಷಿಸುವಂತಿಲ್ಲ. ಗೂಡಿಗೆ ಸ್ಥಿರ ಬೆಲೆ ದೊರಕದೆ ಅವರು ಹುಳುಮನೆಗೆ ಮರಳುವುದೂ ಇಲ್ಲ. ಸರ್ಕಾರ ಆಮದು ನೀತಿಯನ್ನು ಬೆಳೆಗಾರನ ಹಿತಕ್ಕೆ ಅನುಗುಣವಾಗಿ ರೂಪಿಸಲಿ. ಜಿಲ್ಲೆಯ ಶಾಲೆಗಳು ಮಕ್ಕಳನ್ನು ಹುಳುಮನೆಗೆ ಕರೆದೊಯ್ದು ಈ ಕಸುಬಿನ ಕಥೆಯನ್ನು ಹೇಳಲಿ. ತನ್ನ ಅಜ್ಜ ಅಜ್ಜಿಯರ ಕೈಕಸುಬಿನ ಹಿಂದೆ ಐದು ಸಾವಿರ ವರ್ಷಗಳ ಪರಂಪರೆಯಿದೆ ಎಂದು ತಿಳಿದ ಮಗು ಆ ಕಸುಬನ್ನು ಹಗುರವಾಗಿ ಕಾಣಲಾರದು.